ಬೂದಿ ಮುಚ್ಚಿದ ಬಿಸಿಲು

ಗುರುಮಲ್ಲಮ್ಮ ಮಡಿಲಲ್ಲಿ ಒಲೆಯ ಬೂದಿ ಕಟ್ಟಿಕೊಂಡು ವ್ಯಾನಿನ ಹಿಂದಿನ ಏಣಿ ಹತ್ತಿದಳು. ಮಹಾಲಿಂಗಪ್ಪ ಪಂಪ್‌ಸೆಟ್ಟಿಗೆ ಸ್ನಾನಕ್ಕೆ ಹೋಗಿದ್ದ. ಅವನು ಬರುವುದರೊಳಗೆ ಕೆಲಸ ಮುಗಿಯಬೇಕು. ಚಾವಣಿಯ ಸೋಲಾರ್ ಪ್ಯಾನೆಲ್ಲಿನ ಮೇಲೆ ಬೂದಿಯನ್ನು ತೆಳ್ಳಗೆ ಉದುರಿಸಿದಳು, ಹೆದ್ದಾರಿಯ ಧೂಳೇ ಹಾರಿ ಬಂದು ಕೂತಿದೆ ಅನ್ನುವ ಹಾಗೆ. ಇಳಿದು ಸೆರಗು ಕೊಡವಿ, ಏನೂ ಅರಿಯದವಳಂತೆ ಪೊರಕೆ ಹಿಡಿದಳು.

ಅವನ ಮೇಲೆ ಅವಳಿಗೆ ಹಗೆ ಏನೂ ಇರಲಿಲ್ಲ. ಹೊರಟುಬಿಟ್ಟಾನು ಎಂಬ ದಿಗಿಲು, ಅಷ್ಟೆ.

ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋಗುವ ರಸ್ತೆಯ ಪಕ್ಕ, ಸೂರ್ಯಕಾಂತಿ ಹೊಲದ ಅಂಚಿನ ಒಂಟಿ ಮನೆ ಅವಳದು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಎರಡನೇ ತಟ್ಟೆ ತೊಳೆದದ್ದಿಲ್ಲ. ಜನಕ್ಕೇನೂ ಬರವಿರಲಿಲ್ಲ. ಹೂ ಬಿಟ್ಟರೆ ಸಾಕು, ಕಾರುಗಳು ಸಾಲಾಗಿ ನಿಲ್ಲುತ್ತಿದ್ದವು. ಇಳಿದವರು ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವಳೊಂದಿಗೆ ಅವರು ಆಡುತ್ತಿದ್ದದ್ದು ಒಂದೇ ಮಾತು: ಸ್ವಲ್ಪ ಪಕ್ಕಕ್ಕೆ ಸರೀರಿ ಅಜ್ಜಿ. ಐವತ್ತಾರಕ್ಕೇ ಅಜ್ಜಿ! ಹಾಗೆ ಸರಿದೂ ಸರಿದೂ ಅವಳಿಗೆ ಬೇಜಾರು ಹತ್ತಿತ್ತು.

ಮಹಾಲಿಂಗಪ್ಪ ಮಾತ್ರ ಹೂವನ್ನು ನೋಡಲಿಲ್ಲ. ವ್ಯಾನು ನಿಲ್ಲಿಸಿ, ನೀರು ಕೇಳಿ, ಕುಡಿದು, ಚೊಂಬನ್ನು ತೊಳೆದು ಕೊಟ್ಟ. ಚಾಮರಾಜನಗರದಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಮನೆಯಲ್ಲಿ ಕಾಯುವವರು ಯಾರೂ ಇಲ್ಲದ್ದಕ್ಕೆ ಹಳೇ ವ್ಯಾನಿನೊಳಗೇ ಮಂಚ, ಗ್ಯಾಸ್ ಒಲೆ, ಫ್ಯಾನು, ಸಣ್ಣದೊಂದು ಫ್ರಿಜ್ಜು ಕೂರಿಸಿಕೊಂಡು ಸಮುದ್ರ ನೋಡಲು ಹೊರಟಿದ್ದ. ಬ್ಯಾಟರಿ ಇಳಿದುಹೋಗಿದೆ, ಬಿಸಿಲಿಗೆ ತುಂಬಿಕೊಂಡ ಕೂಡಲೇ ಹೊರಡುತ್ತೇನೆ, ಒಂದು ದಿನ ಜಾಗ ಕೊಡಿ ಅಂದ.

ಆ ಒಂದು ದಿನದ ಸಂಜೆ ಫ್ರಿಜ್ಜು ನಿಂತಿತು. ಬಾಡಿಹೋಗುವ ತರಕಾರಿಯನ್ನೆಲ್ಲ ತಂದು ಅವಳ ಮುಂದಿಟ್ಟ. ಅವಳು ಸಾರು ಮಾಡಿ ಮುದ್ದೆ ತೊಳಸಿದಳು. ಜಗಲಿಯ ಮೇಲೆ ಇಬ್ಬರೂ ಉಂಡರು. ಅಂದು ಎರಡು ತಟ್ಟೆ ತೊಳೆದ ಗುರುಮಲ್ಲಮ್ಮನಿಗೆ ನಿದ್ದೆ ಹತ್ತಲಿಲ್ಲ.

ಸೋಲಾರಿನ ಗುಟ್ಟು ಅವಳಿಗೆ ಗೊತ್ತಿತ್ತು. ಕಾಡುಹಂದಿ ಬಾರದಿರಲೆಂದು ಹೊಲಕ್ಕೆ ಸೋಲಾರ್ ತಂತಿಬೇಲಿ ಹಾಕಿಸಿದ್ದಳು. ಪ್ಯಾನೆಲ್ ಮೇಲೆ ಧೂಳು ಕೂತರೆ ಬ್ಯಾಟರಿ ಸೊರಗುತ್ತದೆ. ಬ್ಯಾಟರಿ ಸೊರಗಿದರೆ ಬೇಲಿ ಸತ್ತಂತೆ. ಬೇಲಿಯಾದರೇನು, ಗಾಡಿಯಾದರೇನು? ಬೆಳಗಾಗುವುದನ್ನೇ ಕಾದು ಒಲೆಯ ಬೂದಿ ಬಳಿದಳು.

ಅಲ್ಲಿಂದ ಬ್ಯಾಟರಿ ತುಂಬಲೇ ಇಲ್ಲ. ಹೂಗಳು ತಲೆಬಾಗಿದವು, ಕಾರುಗಳು ಕಡಿಮೆಯಾದವು, ಮಹಾಲಿಂಗಪ್ಪ ಇದ್ದೇ ಇದ್ದ. ಬಲು ಅಚ್ಚುಕಟ್ಟಿನ ಮನುಷ್ಯ. ದಿನವೂ ಮುಂದಿನ ಗಾಜು ಒರೆಸುತ್ತಿದ್ದ, ಚಕ್ರದ ಗಾಳಿ ನೋಡುತ್ತಿದ್ದ. ಚಾವಣಿಯ ಕಡೆ ಮಾತ್ರ ಕತ್ತೆತ್ತುತ್ತಿರಲಿಲ್ಲ. ಏಣಿಯನ್ನು ಒಳಗಿಡುವುದನ್ನೂ ಮರೆಯುತ್ತಿದ್ದ. ಎಂಜಿನ್ ಏಳುತ್ತದೋ ಇಲ್ಲವೋ ಎಂದು ಒಮ್ಮೆಯೂ ಕೀಲಿ ತಿರುಗಿಸಿ ನೋಡಲಿಲ್ಲ. ವಯಸ್ಸಾಯಿತು, ಮರೆವು ಎಂದುಕೊಂಡು ಅವಳು ಒಳಗೊಳಗೇ ನಗುತ್ತಿದ್ದಳು.

ಒಮ್ಮೆ ಮಾತ್ರ ಎದೆ ಧಸಕ್ಕೆಂದಿತು. ಏಣಿಯ ಕೆಳಗಿನ ಮೆಟ್ಟಿಲು ಸಡಿಲವಾಗಿ ಅಲುಗಾಡುತ್ತಿತ್ತು. ಬೆಳಿಗ್ಗೆ ನೋಡಿದರೆ ಅದಕ್ಕೆ ಹೊಸ ಹಗ್ಗ ಬಿಗಿದಿತ್ತು. ಮೇಲೆ ಹತ್ತಿದನೇ? ಕಂಡುಬಿಟ್ಟನೇ? ಹತ್ತಿ ನೋಡಿದಳು. ಬೂದಿ ಹಾಕಿದ ಹಾಗೇ ಇತ್ತು, ಒಂದು ಬೆರಳಿನ ಗುರುತೂ ಇಲ್ಲ. ಸದ್ಯ, ಬದುಕಿದೆ ಎಂದುಕೊಂಡಳು.

ಕೆಡಿಸಿದ್ದು ಮಳೆ. ರಾತ್ರಿಯಿಡೀ ಹುಯ್ದು ಪ್ಯಾನೆಲ್ಲನ್ನು ಫಳಫಳ ತೊಳೆದುಬಿಟ್ಟಿತು. ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು. ರೊಟ್ಟಿ ಮುರಿಯುತ್ತ ಮಹಾಲಿಂಗಪ್ಪ ತಟ್ಟೆಯನ್ನೇ ನೋಡುತ್ತಿದ್ದ.

"ಫ್ಯಾನು ತಿರುಗ್ತಾ ಅದೆ. ಇದೇ ಬಿಸ್ಲು ಹೊಡುದ್ರೆ ನಾಳೆ ಹೊರಡಬೇಕಾಯ್ತದೆ."

ಅವಳು ತುತ್ತನ್ನು ತಟ್ಟೆಗೆ ಇಳಿಸಿದಳು. ಇರಿ ಅನ್ನಬೇಕು. ಯಾವ ಹಕ್ಕಿನಿಂದ ಅಂದಾಳು? ಅವನು ಸ್ವಲ್ಪ ಹೊತ್ತು ಕಾದವನಂತೆ ಕೂತಿದ್ದು, ಎದ್ದು ಟವಲು ಹೆಗಲಿಗೆ ಹಾಕಿಕೊಂಡ.

"ಇವತ್ತು ಬಟ್ಟೆನೂ ಒಗೀಬೇಕು. ಬರೋದು ತಡವಾಯ್ತದೆ ಕಣಮ್ಮ."

ಅವನು ಮರೆಯಾದದ್ದೇ ತಡ, ಮಂಕರಿ ತುಂಬ ಬೂದಿ ಹೊತ್ತು ಓಡಿದಳು. ಕಟ್ಟಿದ ಮೆಟ್ಟಿಲು ಗಟ್ಟಿಯಾಗಿ ನಿಂತಿತು. ಅದರ ಮೇಲಿನದು ಲಟಕ್ಕೆಂದಿತು. ಕಾಲು ಮೈಯಡಿ ಮಡಚಿಕೊಂಡು ಬಿದ್ದಳು. ಬೂದಿಯೆಲ್ಲ ಮೈಮೇಲೆ ಸುರಿಯಿತು.

ಅವಳು ಚೀರಿದ್ದು ಕೇಳಿ ಮಹಾಲಿಂಗಪ್ಪ ಒದ್ದೆ ಮೈಯಲ್ಲೇ ಓಡಿಬಂದ. ಖಾಲಿ ಮಂಕರಿ ನೋಡಿದ, ಬೂದಿ ಮೆತ್ತಿದ ಮುಖ ನೋಡಿದ. ಎರಡೂ ಕೈಯಲ್ಲಿ ಎತ್ತಿ ವ್ಯಾನಿನ ಮಂಚದ ಮೇಲೆ ಮಲಗಿಸಿದ. ಪಾದ ಆಗಲೇ ಊದಿಕೊಂಡಿತ್ತು. ನೋವಿಗಿಂತ ನಾಚಿಕೆ ಹೆಚ್ಚಾಗಿ ಅವಳು ಅತ್ತುಬಿಟ್ಟಳು. ತನ್ನ ಕೈಯಾರೆ ಕೊಂದ ಗಾಡಿಯಲ್ಲೇ ಈಗ ಆಸ್ಪತ್ರೆಗೆ ಹೋಗಬೇಕು.

"ರಸ್ತೇಲಿ ಯಾವ್ದಾದ್ರೂ ಗಾಡಿ ಅಡ್ಡಾಕಿ. ಇದು ಎದ್ದೇಳಲ್ಲ. ಬ್ಯಾಟ್ರಿಗೆ ನಾನೇ ದಿನಾ ಮಣ್ಣಾಕ್ತಿದ್ದೆ."

ಮಹಾಲಿಂಗಪ್ಪ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದ. ಮೊದಲ ಸಲಕ್ಕೇ ಎಂಜಿನ್ ಎದ್ದಿತು.

ಅವಳ ಅಳು ಗಕ್ಕನೆ ನಿಂತಿತು. ವ್ಯಾನು ಹೊಲದ ಏರಿ ದಾಟಿ ಗುಂಡ್ಲುಪೇಟೆಯ ಕಡೆ ತಿರುಗಿಕೊಂಡಿತು.

"ನೀವು ಮುಚ್ತಿದ್ದದ್ದು ಫ್ಯಾನು, ಲೈಟಿನ ಬ್ಯಾಟ್ರಿ," ಎಂದ, ರಸ್ತೆಯಿಂದ ಕಣ್ಣು ತೆಗೆಯದೆ. "ಇಂಜಿನ್ದೇ ಬ್ಯಾರೆ ಅದೆ. ಬಂದ ದಿನದಿಂದ ಒಂದ್ಸಲಾನೂ ಕೆಟ್ಟಿರ್ನಿಲ್ಲ."

ತುಸು ದೂರ ಸಾಗಿದ ಮೇಲೆ, ತನ್ನನ್ನೇ ಬೈದುಕೊಳ್ಳುವಂತೆ ಸಣ್ಣಗೆ ಸೇರಿಸಿದ: "ನೀವು ಬೂದಿ ಹೊತ್ಕೊಂಡು ಹತ್ತೀರಿ ಅಂತ ಕೆಳಗಿನ ಮೆಟ್ಲು ಕಟ್ಟುದ್ನಲ್ಲ, ಮೇಲಿನ್ದೂ ಕಟ್ಬೇಕಾಗಿತ್ತು."