ಮೈಕಣ್ಣನ ಇಪ್ಪತ್ತೊಂದು ದಿನ

ಹತ್ತೊಂಬತ್ತನೆಯ ದಿನದ ಸಂಜೆ, ಕೋಣೆಯಲ್ಲಿ ಮೊಣಕಾಲೂರಿ ಕೂತಿದ್ದ ಮೈಕಣ್ಣ ಎದ್ದು ಅಡುಗೆಮನೆಗೆ ಬಂದು ಹೆಂಡತಿಯ ಮುಂದೆ ಸ್ಲೇಟು ಹಿಡಿದ. ಅದರಲ್ಲಿ ಬರೆದಿದ್ದು ಎರಡೇ ಮಾತು: ‘ಪ್ರಾರ್ಥನೆ ಬರುತ್ತಿಲ್ಲ.’

“ಬರೋದು ಹೇಗೆ ಹೇಳಿ? ಬಾಯಿ ಬಿಡಬೇಡಿ ಅಂತ ಡಾಕ್ಟರೇ ಹೇಳಿದ್ದಾರಲ್ಲ,” ಎಂದಳು ಅವಳು, ತೊಳೆದ ತಟ್ಟೆ ಒರೆಸುತ್ತ. “ಇನ್ನೆರಡೇ ದಿನ ತಡ್ಕೊಳ್ಳಿ. ಆಮೇಲೆ ನಿಮ್ಮನ್ನ ಹಿಡಿಯೋರು ಯಾರು!”

ಅವಳಿಗೆ ಅರ್ಥವಾಗಿರಲಿಲ್ಲ. ಅವನು ಅಂಗಿಯ ತೋಳಿನಿಂದ ಸ್ಲೇಟು ಒರೆಸಿದ. ಇಪ್ಪತ್ತಾರು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿದ ಗಂಟಲು ಅದು. ಅದರಲ್ಲಿ ಎದ್ದಿದ್ದ ಸಣ್ಣ ಗಂಟನ್ನು ಡಾಕ್ಟರು ತೆಗೆದು, ಇಪ್ಪತ್ತೊಂದು ದಿನ ಪಿಸುಮಾತೂ ಕೂಡದೆಂದು ತಾಕೀತು ಮಾಡಿದ್ದರು. ಚರ್ಚಿನಲ್ಲಿ ಆ ಗಂಟಲಿಗೆ ಮೈಕೇ ಬೇಕಿರಲಿಲ್ಲ. ಅವನು ಪ್ರಾರ್ಥನೆಗೆ ಎದ್ದು ನಿಂತರೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು, ಮುದುಕಿಯರು ಕರವಸ್ತ್ರ ಹುಡುಕುತ್ತಿದ್ದರು. ಪರೀಕ್ಷೆಗೆ, ಹೆರಿಗೆಗೆ, ಆಪರೇಷನ್ನಿಗೆ ಎಲ್ಲರಿಗೂ ಮೈಕಣ್ಣನ ಪ್ರಾರ್ಥನೆಯೇ ಆಗಬೇಕು. ಹೀಗಾಗಿ ಹೆತ್ತವರಿಟ್ಟ ಹೆಸರು ಎಂದೋ ಮೂಲೆ ಸೇರಿತ್ತು.

“ಅಣ್ಣ, ಇದು ದೇವರೇ ಕೊಟ್ಟ ರಜೆ ಅಂದ್ಕೊಳ್ಳಿ,” ಎಂದಿದ್ದರು ಪಾಸ್ಟರು, ಆಸ್ಪತ್ರೆಗೆ ಬಂದಾಗ. “ಸುಮ್ಮನೆ ಆತನ ಹತ್ತಿರ ಕೂತ್ಕೊಳ್ಳಿ. ಹೊಸ ಮನುಷ್ಯ ಆಗಿ ಎದ್ದು ಬರ್ತೀರಿ.” ಆ ಮಾತಿಗೆ ಮೈಕಣ್ಣನಿಗೆ ನಿಜಕ್ಕೂ ಆಸೆಯಾಗಿತ್ತು. ಒಳಗೆ ಎಲ್ಲೋ ಒಣಗಿದೆ ಎಂಬ ಗುಮಾನಿ ಅವನಿಗೆ ಮೊದಲೇ ಇತ್ತು, ಯಾರಿಗೂ ಹೇಳಿರಲಿಲ್ಲ ಅಷ್ಟೆ.

ಮೊದಲ ದಿನ ಕಣ್ಣು ಮುಚ್ಚಿ ಮನಸ್ಸಿನಲ್ಲೇ ‘ಪ್ರೀತಿಯುಳ್ಳ ತಂದೆಯೇ’ ಎಂದ ಕೂಡಲೇ ಅದರ ಬೆನ್ನಿಗೇ ‘ಪ್ರಯಾಣಿಕರ ಗಮನಕ್ಕೆ’ ಎಂದು ಬಂತು. ಅವನಿಗೆ ನಗು ತಡೆಯಲಾಗಲಿಲ್ಲ. ಎರಡನೆಯ ವಾರಕ್ಕೆ ನಗು ನಿಂತಿತು. ಬಾಯಿಪಾಠದ ಮಾತುಗಳನ್ನು ಒಂದೊಂದಾಗಿ ಬದಿಗಿಟ್ಟು ನೋಡಿದರೆ ಕೆಳಗೆ ಏನೂ ಇರಲಿಲ್ಲ. ಕೇಳಿಕೊಳ್ಳುವುದಕ್ಕೊಂದು ಆಸೆಯಿಲ್ಲ, ತೋಡಿಕೊಳ್ಳುವುದಕ್ಕೊಂದು ಅಳುವಿಲ್ಲ, ಎದುರಿಗೆ ಯಾರೋ ಇದ್ದಾರೆಂಬ ಭಯವೂ ಇಲ್ಲ. ಇಷ್ಟು ವರ್ಷ ಮೈ ಜುಮ್ಮೆನಿಸುತ್ತಿದ್ದದ್ದು ತನ್ನದೇ ದನಿಯನ್ನು ಕೇಳಿ. ಅದು ಹೊಳೆದ ದಿನ ಅವನಿಗೆ ಅನ್ನ ಸೇರಲಿಲ್ಲ.

ಅವನಿಗಿದ್ದ ಕೊನೆಯ ಭರವಸೆ ಹೆಂಡತಿ. ಅವಳು ಒಮ್ಮೆಯಾದರೂ ಬಾಯಿಬಿಟ್ಟು ಪ್ರಾರ್ಥಿಸಿದ್ದನ್ನು ಅವನು ಕೇಳಿಲ್ಲ. ಕಣ್ಣು ಮುಚ್ಚಿ ಕೂತಾಗ ಮಾತ್ರ ಅವಳ ಮುಖ ಎಷ್ಟು ನಿರಾಳವಾಗಿರುತ್ತಿತ್ತು! ಅವಳಿಗೆ ಮೌನದ ದಾರಿ ಗೊತ್ತಿರಲೇಬೇಕು. ಅವನು ಬಳಪ ಹಿಡಿದು ಬರೆದ: ‘ನೀನು ಹೇಗೆ ಮಾಡ್ತೀಯ? ನನಗೂ ಕಲಿಸು.’

ಅವಳು ಓದಿ ನಾಚಿಕೊಂಡಳು.

“ಅಯ್ಯೋ, ನಾನೆಲ್ಲಿ ಮಾಡ್ತೀನಿ ರೀ! ನೀವು ಮಾಡ್ತಿದ್ರಲ್ಲ. ಮದುವೆಯಾದಾಗಿಂದ ನೀವು ಹೇಳಿದ್ದಕ್ಕೆ ಆಮೆನ್ ಅಂದಿದ್ದೀನಿ, ಅಷ್ಟೇ. ನಂಗೆ ಅದೇ ಸಾಕಾಗ್ತಿತ್ತು.” ತಟ್ಟೆಯನ್ನು ಕಪಾಟಿಗೆ ಸೇರಿಸಿ, ಅತ್ತ ತಿರುಗಿಯೇ ಹೇಳಿದಳು: “ಮಗಳು ಹೋದಾಗ ಇನ್ನೇನು ನಂಗೆ ತಲೆ ಕೆಡುತ್ತೆ ಅಂತಿತ್ತು. ಅವತ್ತು ಸ್ಮಶಾನದಲ್ಲಿ ನೀವು ಪ್ರಾರ್ಥನೆ ಮಾಡಿದ್ರಿ ನೋಡಿ... ಅದನ್ನ ಹಿಡ್ಕೊಂಡೇ ಇವತ್ತಿನವರೆಗೆ ಬದುಕಿದೀನಿ.”

ಮೈಕಣ್ಣನಿಗೆ ಆ ಪ್ರಾರ್ಥನೆ ಚೆನ್ನಾಗಿ ನೆನಪಿತ್ತು. ಆ ಪುಟ್ಟ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ತನ್ನ ದನಿ ಸರಿಯಾದ ಜಾಗದಲ್ಲೇ ನಡುಗಿತ್ತು. ಅದು ನಡುಗಿದ್ದನ್ನೂ, ಹಿಂದೆ ನಿಂತವರು ಬಿಕ್ಕಿದ್ದನ್ನೂ ಅವನು ಗಮನಿಸಿದ್ದ. ಹೆತ್ತ ಮಗಳ ಗುಂಡಿಯ ಪಕ್ಕ ನಿಂತು ಅವನು ಗಮನಿಸಿದ್ದು ಅದನ್ನು.

ಅವನು ಸ್ಲೇಟು ಒರೆಸಿ ‘ನಾನೂ ಮಾಡಿಲ್ಲ’ ಎಂದು ಬರೆಯಲು ಹೊರಟ. ‘ನಾನೂ’ ಎಂಬಲ್ಲಿಗೆ ಬಳಪ ನಿಂತುಹೋಯಿತು. ಅವಳ ಕೈಯಲ್ಲಿರುವುದು ಅದೊಂದೇ. ಅದನ್ನೂ ಕಿತ್ತುಕೊಂಡರೆ ಅವಳು ಏನು ಹಿಡಿದುಕೊಂಡಾಳು?

“ನೀವೂ ಏನು?” ಎಂದು ಇಣುಕಿದ ಅವಳು, ಅವನು ಮುಂದೆ ಬರೆಯದಿದ್ದುದನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡಳು. “ಬನ್ನಿ, ಏಳು ಗಂಟೆ ಆಯ್ತು. ನೀವೊಬ್ರೇ ಕೋಣೆ ಸೇರ್ಕೊಂಡು ಹತ್ತೊಂಬತ್ತು ದಿನ ಆಯ್ತು. ಆಮೆನ್ ಅನ್ನೋಕೆ ಏನೂ ಇಲ್ದೆ ನಂಗೆ ಮನೆ ಬಿಕೋ ಅಂತಿದೆ. ಮನಸ್ಸಲ್ಲೇ ಮಾಡಿ, ನಾನು ಪಕ್ಕದಲ್ಲಿರ್ತೀನಿ. ಮುಗಿದಾಗ ನನ್ನ ಕೈ ಮುಟ್ಟಿ, ಗೊತ್ತಾಗುತ್ತೆ.”

ಇಬ್ಬರೂ ಮಂಚದ ಪಕ್ಕ ಮೊಣಕಾಲೂರಿದರು. ಅವಳು ಕಣ್ಣು ಮುಚ್ಚಿದಳು. ಅವನು ತೆರೆದುಕೊಂಡೇ ಇದ್ದ. ಒಂದೇ ಒಂದು ಮಾತು ಕೊಡು, ಇವಳಿಗೋಸ್ಕರವಾದರೂ ಕೊಡು ಎಂದು ಯಾರನ್ನು ಕೇಳುವುದೆಂದೇ ತೋಚದೆ ಹೊದಿಕೆಯ ಹೊಲಿಗೆಯನ್ನು ನೋಡುತ್ತ ಕೂತ. ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಹೋಯಿತು, ಹತ್ತಾಯಿತು. ಏನೂ ಬರಲಿಲ್ಲ. ಅವಳು ಮಂಡಿನೋವಿಗೆ ಭಾರವನ್ನು ಆ ಕಾಲಿಂದ ಈ ಕಾಲಿಗೆ ಬದಲಿಸುವುದು ಕಾಣುತ್ತಿತ್ತು. ಮುಗಿಸಲು ಅವನಲ್ಲಿ ಶುರುವಾದದ್ದೇ ಇರಲಿಲ್ಲ. ಪಾಪ, ಅವಳಾದರೂ ಏಳಲಿ ಎಂದು ಮೆಲ್ಲಗೆ ಅವಳ ಕೈ ಮುಟ್ಟಿದ.

“ಆಮೆನ್,” ಎಂದಳು ಅವಳು. ಮಂಚದ ಅಂಚು ಹಿಡಿದು ಎದ್ದು, ಕಣ್ಣೊರೆಸಿಕೊಂಡಳು.

“ಇವತ್ತು ತುಂಬಾ ಚೆನ್ನಾಗಿ ಮಾಡಿದ್ರಿ ರೀ.”