ಇನ್ನೊಂದ್ಸಲ ಡಾಕ್ಟ್ರು

2038ರ ಫೆಬ್ರುವರಿ 9, ಮಂಗಳವಾರ, ಬೆಳಿಗ್ಗೆ 10 ಗಂಟೆ 42 ನಿಮಿಷ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ವೈದ್ಯೆಯ ತಲೆಯೊಳಗೆ ಎರಡು ದನಿಗಳು ಒಟ್ಟಿಗೆ ಎದ್ದವು. ಒಂದು ‘ಕೊಡು’ ಎಂದಿತು. ಇನ್ನೊಂದು ‘ತಡಿ’ ಎಂದಿತು. ಎರಡೂ ಅವಳದೇ ದನಿ.

ಮೇಜಿನ ಮೇಲೆ ಮಲಗಿದ್ದವನು ಶಾಲಾ ವ್ಯಾನಿನ ಚಾಲಕ. ಕಣ್ಣು ಮುಚ್ಚುವ ಮುಂಚೆ, “ಮಲಗ್ಸೋದು ನಮ್ಮನೆ ಟಿ.ವಿ.ಗೂ ಬರತ್ತೆ ಡಾಕ್ಟ್ರೇ, ನೀವು ಏಳಿಸ್ತೀರ ತಾನೇ?” ಎಂದು ಅವಳನ್ನು ನಗಿಸಿದ್ದ. ಈಗ ಅವನ ರಕ್ತದೊತ್ತಡ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು: ಎಂಬತ್ತು, ಎಪ್ಪತ್ತೆರಡು, ಅರವತ್ತಾರು. ಒತ್ತಡ ಏರಿಸುವ ಔಷಧವೆಂದು ತುಂಬಿಕೊಂಡ ಸಿರಿಂಜ್ ಅವಳ ಕೈಯಲ್ಲಿತ್ತು. ಅದರ ಮೂತಿಯನ್ನು ಅವನ ಕೈಯ ನಳಿಕೆಗೆ ಸಿಕ್ಕಿಸಿಯೂ ಆಗಿತ್ತು. ಹೆಬ್ಬೆರಳು ಒತ್ತುವುದೊಂದೇ ಬಾಕಿ.

“ಏನಮ್ಮಾ, ಬಿ.ಪಿ. ಪಾತಾಳಕ್ಕೆ ಹೊರಟ ಹಾಗಿದೆ,” ಎಂದ ಸರ್ಜನ್, ಬಗ್ಗಿಸಿದ ತಲೆ ಎತ್ತದೆ. “ನಿಮ್ಮ ತಲೇಲಿರೋರು ಏನಂತಾರೆ?”

“ಜಗಳ ಆಡ್ತಿದಾರೆ.”

ಅವನು ತಮಾಷೆ ಎಂದುಕೊಂಡು ನಕ್ಕ. ಅವಳಿಗೆ ನಗು ಬರಲಿಲ್ಲ. ಕಿವಿಯ ಹಿಂದೆ, ಮೂಳೆಯೊಳಗೆ, ಕೆಲಸದ ಹೊತ್ತಿನಲ್ಲಿ ತಲೆಯೊಳಗೇ ಸಲಹೆ ಹೇಳುವ, ಅಕ್ಕಿಕಾಳಿನಷ್ಟು ದಪ್ಪದ ಸಾಧನವೊಂದನ್ನು ಕೂರಿಸಿ ಒಂದು ವರ್ಷವಾಗಿತ್ತು. ಮೊದಮೊದಲು ಅದು ಲಿಫ್ಟಿನಲ್ಲಿ ಮಹಡಿ ಹೇಳುವ ಹೆಂಗಸಿನ ದನಿಯ ಹಾಗೆ ಸಪ್ಪೆಯಾಗಿ ಮಾತಾಡುತ್ತಿತ್ತು. ಇದು ಅದು, ಇದು ನಾನು ಎಂದು ಬೇರ್ಪಡಿಸುವುದು ಸುಲಭವಿತ್ತು. ಹೋದ ವಾರವಷ್ಟೇ ಅದಕ್ಕೆ ಅವಳ ಮನಸ್ಸಿನ ದನಿಯನ್ನೇ ಕೊಟ್ಟಿದ್ದರು. ಪಕ್ಕದಲ್ಲಿ ಯಾರೋ ನಿಂತು ಪಿಸುಗುಟ್ಟಿದ ಹಾಗೆ ಅನ್ನಿಸಬಾರದು ಎಂಬುದು ಅದನ್ನು ಮಾಡಿದವನ ವಾದ. ಮಾಡಿದವನು ಅದೇ ಆಸ್ಪತ್ರೆಯ ಸಾಧನ ವಿಭಾಗದಲ್ಲಿದ್ದ ಎಂಜಿನಿಯರ್, ಅವಳ ಒಡಹುಟ್ಟಿದ ತಮ್ಮ. ಅಂದಿನಿಂದ ಕಾಫಿಗೆ ಸಕ್ಕರೆ ಬೇಡ ಎಂದವರು ಯಾರು ಎಂಬುದೂ ಅವಳಿಗೆ ಗೊಂದಲವೇ.

ಅರವತ್ತೊಂದು. ‘ಕೊಡು, ಸರಿಯಾದದ್ದೇ ಇದೆ.’ ‘ತಡಿ, ಇನ್ನೊಂದ್ಸಲ ಓದು.’

ಯಾವುದು ತನ್ನದು? ಅವಳು ಲೆಕ್ಕ ಬಿಡಿಸುವ ಹುಡುಗಿಯ ಹಾಗೆ ಯೋಚಿಸಿದಳು. ಯಂತ್ರಕ್ಕೆ ಅನುಮಾನವಿರುವುದಿಲ್ಲ. ಅನುಮಾನ ತನ್ನ ಕಸುಬು. ಔಷಧದ ಪ್ರತಿಯೊಂದು ಪುಟ್ಟ ಗಾಜಿನ ಸೀಸೆಯ ಲೇಬಲನ್ನೂ ಓದಿ, ತಿರುಗಿಸಿ, “ಇನ್ನೊಂದ್ಸಲ” ಎಂದು ಗಟ್ಟಿಯಾಗಿ ಮತ್ತೆ ಓದುವವಳು ಅವಳು. ಥಿಯೇಟರಿನವರು ಅವಳಿಗೆ ‘ಇನ್ನೊಂದ್ಸಲ ಡಾಕ್ಟ್ರು’ ಎಂದೇ ಹೆಸರಿಟ್ಟಿದ್ದರು. ಹಾಗಾದರೆ ‘ತಡಿ’ ಅಂದದ್ದು ನಾನು.

ಹೆಬ್ಬೆರಳನ್ನು ಹಿಂದಕ್ಕೆಳೆದಳು. ತಟ್ಟೆಯಲ್ಲಿ ಕತ್ತು ಮುರಿದು ಬಿದ್ದಿದ್ದ ಸೀಸೆಯನ್ನು ತಿರುಗಿಸಿದಳು. ಏರಿಸುವ ಔಷಧದ್ದೇ ಕಂದು ಗಾಜು, ಅದೇ ನೀಲಿ ಪಟ್ಟಿ. ಆದರೆ ಲೇಬಲಿನ ಮೇಲಿದ್ದುದು ರಕ್ತದೊತ್ತಡ ಇಳಿಸುವ ಔಷಧದ ಹೆಸರು. ಒತ್ತಿದ್ದರೆ ಮುಗಿಯುತ್ತಿತ್ತು. ಸಿರಿಂಜನ್ನು ಕಿತ್ತು ಬಿಸಾಡಿ, ಸರಿಯಾದ ಸೀಸೆ ಒಡೆದು ಕೊಟ್ಟಳು. ಅರವತ್ತೊಂದು ಎಪ್ಪತ್ತಾಯಿತು, ತೊಂಬತ್ತೆಂಟಾಯಿತು. ಆಪರೇಷನ್ ಮುಗಿದ ಮೇಲೆ, “ಶಾಲೆ ಬಿಡೋ ಹೊತ್ತಾಯ್ತಾ?” ಎಂದು ತೊದಲುತ್ತಲೇ ಚಾಲಕ ಕಣ್ಣು ಬಿಟ್ಟ.

ಮಧ್ಯಾಹ್ನ ಅವಳು ತಮ್ಮನ ಕೋಣೆಯ ಬಾಗಿಲು ತಳ್ಳಿದಳು.

“ತೆಗೆದುಬಿಡೋ ಇದನ್ನ. ಇವತ್ತು ಒಂದು ಜೀವ ತೆಗೀತಿತ್ತು. ಕಣ್ಣುಮುಚ್ಚಿ ‘ಕೊಡು’ ಅಂತು.”

“ಅದು ಹಾಗಂದಿದ್ದು ಅಂತ ಹೆಂಗೆ ಗೊತ್ತು?”

“ಅದಕ್ಕೆ ಅನುಮಾನ ಅನ್ನೋದೇ ಇಲ್ವಲ್ಲ!”

“ಒಂದು ವರ್ಷ ನಿನ್ನ ಜೊತೇಲೇ ಕೂತು ಕಲ್ತಿದೆ ಅಕ್ಕ. ನಿನ್ನ ಬುದ್ಧಿ ಬರದೆ ಇರತ್ತಾ?”

“ನಿನಗಂತೂ ಮೂವತ್ತು ವರ್ಷ ಜೊತೇಲಿದ್ರೂ ಬರ್ಲಿಲ್ಲ. ತೆಗಿ ಅಂದ್ರೆ ತೆಗಿ.”

“ಆಯ್ತು ಮಾರಾಯ್ತಿ, ತೆಗೆಯೋದು ಆಮೇಲೆ. ಮೊದ್ಲು ನಿಲ್ಲಿಸ್ತೀನಿ.”

ಅವನು ಪರದೆಯ ಮೇಲೆ ಏನೋ ಒತ್ತಿದ. ಅಡುಗೆಮನೆಯ ಫ್ರಿಜ್ ನಿಂತಾಗಲೇ ಅದು ಅಷ್ಟು ಹೊತ್ತೂ ಗುಂಯ್‌ಗುಟ್ಟುತ್ತಿತ್ತೆಂದು ತಿಳಿಯುತ್ತದಲ್ಲ, ಹಾಗಾಯಿತು ಅವಳ ತಲೆಯೊಳಗೆ. ಒಬ್ಬಳೇ. ಅವಳು ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದಳು.

ತಮ್ಮ ಮೇಜಿನ ಖಾನೆಯಿಂದ ಒಂದು ಸೀಸೆ ತೆಗೆದು ಅವಳ ಅಂಗೈಯಲ್ಲಿಟ್ಟ. ಕಂದು ಗಾಜು, ನೀಲಿ ಪಟ್ಟಿ. “ಇದೇನು ಹೇಳು.”

“ಬಿ.ಪಿ. ಏರಿಸೋದು. ಬೆಳಿಗ್ಗೆ ಅವನನ್ನ ಉಳಿಸಿದ್ದು ಇದೇ.”

“ಖಂಡಿತಾ?”

“ನನಗೇ ಪಾಠ ಹೇಳ್ತೀಯೇನೋ? ಖಂಡಿತಾ.”

ಅವಳ ತಲೆಯೊಳಗೆ ಯಾರೂ ಮಾತಾಡಲಿಲ್ಲ. ಅವಳು ಕಾದಳು. ಬೆಳಿಗ್ಗೆ ‘ತಡಿ’ ಎಂದಿದ್ದ ದನಿಗಾಗಿ ಒಳಗೆಲ್ಲ ಹುಡುಕಿದಳು. ಮೂಲೆಮೂಲೆಯೂ ಖಾಲಿ. ಸೀಸೆಯ ಲೇಬಲು ಅವಳ ಬೆರಳುಗಳ ಅಡಿಯಲ್ಲೇ ಇತ್ತು.

“ಅಕ್ಕ,” ಎಂದ ತಮ್ಮ, ದನಿ ತಗ್ಗಿಸಿ. “ಇನ್ನೊಂದ್ಸಲ ಅಂತೇನೂ ಬೇಡ. ಒಂದ್ಸಲ ಓದು.”

ಅವಳು ಬೆರಳು ಸರಿಸಿದಳು. ಶುದ್ಧ ನೀರು, 2 ಮಿಲಿಲೀಟರ್.