ಒಂದೇ ನಂಬರು

ರಸ್ತೆ ಅಗಲ ಮಾಡಲು ಕಡಿಯಬೇಕಾದ ಮರಗಳನ್ನು ಎಣಿಸುತ್ತ ಬಂದ ಅಧಿಕಾರಿ, ಕೊನೆಗೆ ಕಟ್ಟೆಯ ಅರಳಿಯ ಮೇಲೆ ಬಿಳಿ ಬಣ್ಣದಲ್ಲಿ ಐವತ್ತು ಎಂದು ಬರೆದ. ಅದನ್ನು ತಬ್ಬಿಕೊಂಡೇ ಬೆಳೆದಿದ್ದ ಬೇವಿಗೆ ಐವತ್ತೊಂದು ಎಂದು ಬರೆಯಲು ಕುಂಚ ಎತ್ತಿದಾಗ ಪುಟ್ಟಗೌರಮ್ಮ ಅಡ್ಡ ನಿಂತಳು. ಅರಳಿಗೆ ಯಾರೂ ಕೊಡಲಿ ಹಾಕಲಾರರೆಂಬ ಧೈರ್ಯ ಅವಳಿಗಿತ್ತು, ಭಯವೆಲ್ಲ ಬೇವಿನದೇ.

"ಇವೆರಡೂ ಒಂದೇ ಸ್ವಾಮಿ. ಈ ಬೇವ್ನ ಮಗಳು ಅಂತ ನಾನೇ ಅರಳಿಗೆ ಧಾರೆ ಎರ್ದು ಕೊಟ್ಟಿವ್ನಿ. ಗಂಡ ಹೆಂಡ್ತಿಗೆ ಬ್ಯಾರೆ ಬ್ಯಾರೆ ನಂಬರ್ ಹಾಕ್ತಾರಾ?"

"ಬುಡ ಎರಡಿದೆಯಲ್ಲಮ್ಮ. ದಯವಿಟ್ಟು ಪಕ್ಕಕ್ಕೆ ಬನ್ನಿ," ಎಂದು ಅಧಿಕಾರಿ ಬೇಡುವ ದನಿಯಲ್ಲಿ ಹೇಳಿದ. ಅವನ ಕಣ್ಣು ಜೀಪಿನ ಕಡೆಗಿತ್ತು.

"ಬರೆಯಂಗಿದ್ರೆ ನನ್ ಮೈಮೇಲೆ ಬರೀರಿ."

ಜೀಪಿಗೆ ಒರಗಿದ್ದ ಗುತ್ತಿಗೆದಾರ ಬಿರಬಿರನೆ ಬಂದ. ಅವಳು ಬೇವಿನ ಬುಡಕ್ಕೆ ಇನ್ನಷ್ಟು ಒತ್ತಿ ನಿಂತಳು. ಆದರೆ ಅವನು ಚಪ್ಪಲಿ ಬಿಟ್ಟು ಮರಗಳಿಗೆ ಕೈಮುಗಿದ.

"ದೇವ್ರ ವಿಷ್ಯ ಸಾರ್. ಅಮ್ಮ ಹೇಳ್ದಂಗೆ ಒಂದೇ ಅಂತ ಬರ್ಕೊಳಿ. ಅವರ್ದೊಂದು ಹೆಬ್ಬೆಟ್ಟೂ ಹಾಕಿಸ್ಕೊಳಿ."

ಅಧಿಕಾರಿ ಒಮ್ಮೆ ಗುತ್ತಿಗೆದಾರನ ಮುಖ ನೋಡಿದ. ಪಟ್ಟಿಯಲ್ಲಿ 'ಒಟ್ಟು ಐವತ್ತು' ಎಂದು ಬರೆದು ಅವಳ ಮುಂದೆ ಹಿಡಿದ. ಪುಟ್ಟಗೌರಮ್ಮ ಹೆಬ್ಬೆಟ್ಟು ಒತ್ತಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನು ನನ್ ಮಗಳಿಗೆ ಭಯ ಇಲ್ವಲ್ಲ ಸ್ವಾಮಿ?"

ಅಧಿಕಾರಿ ಪಟ್ಟಿ ಮಡಚಿಕೊಂಡು ಜೀಪಿನ ಕಡೆ ನಡೆದ. ಗುತ್ತಿಗೆದಾರ ಚಪ್ಪಲಿ ಮೆಟ್ಟುತ್ತ ಫೋನು ಕಿವಿಗಿಟ್ಟುಕೊಂಡ.

"ಐವತ್ತು ದಾಟಿದ್ರೆ ಊರೋರ್ನೆಲ್ಲ ಕರ್ದು ಒಪ್ಗೆ ಕೇಳ್ಬೇಕಿತ್ತು ಕಣಯ್ಯ. ದಾಟ್ಲಿಲ್ಲ. ಬೆಳಿಗ್ಗೆನೇ ಗರಗಸ ಕಳ್ಸು."